ಪೂರ್ವ ದಿಕ್ಕಿನ ಮೈಮೈ

ನ್ಯೂಜಿಲೆಂಡಿನ ವೈಕಾಟೊ ಸೀಮೆಯಲ್ಲಿ ಬಾತುಕೋಳಿ ಬೇಟೆಗೆ ನನ್ನಷ್ಟು ಹೆಸರು ಮಾಡಿದ ಕನ್ನಡಿಗ ಇನ್ನೊಬ್ಬನಿಲ್ಲ. ನಾನು ಕೋವಿ ಹಿಡಿದು ಹೊರಟೆ ಅಂತ ಸುದ್ದಿ ಮುಟ್ಟಿದರೆ ಸಾಕು, ಅಲ್ಲಿನ ಬಾತುಗಳು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹಾರಿಬಿಡುತ್ತಿದ್ದವು.

ಸುಳ್ಳು. ಅಪ್ಪಟ ಸುಳ್ಳು. ನಾನು ಹುಟ್ಟಿದಾಗಿನಿಂದ ಹೊಡೆದಿರುವುದು ಸೊಳ್ಳೆ ಮತ್ತು ಹರಟೆ, ಎರಡೇ. ಸೊಳ್ಳೆಗಳಲ್ಲೂ ಬಹಳಷ್ಟು ತಪ್ಪಿಸಿಕೊಂಡಿವೆ. ನಮ್ಮದು ಕೇಕನ್ನು ಕೂಡ "ಇದರಲ್ಲಿ ಮೊಟ್ಟೆ ಇದೆಯಾ?" ಅಂತ ಕೇಳಿ, ಉತ್ತರ ಬರುವ ಮೊದಲೇ ತಿಂದು ಮುಗಿಸುವ ಮನೆ. ಕೋವಿ ಹಿಡಿಯುವುದು ದೂರದ ಮಾತು.

ಆದರೂ ಬೇಟೆಗೆ ಸಂಬಂಧಪಟ್ಟ ಇಷ್ಟು ಪ್ರಸಂಗಗಳು ನನ್ನ ಕೊರಳಿಗೇ ಬಿದ್ದವು. ಇಂಥವು ನಡೆಯಬೇಕಾದಾಗ ಊರಲ್ಲಿ ಬೇರೆ ಯಾರೂ ಇರುವುದಿಲ್ಲವೋ ಏನೋ, ನೇರವಾಗಿ ಬಂದು ನನ್ನ ಮನೆ ಬೆಲ್ಲನ್ನೇ ಒತ್ತುತ್ತವೆ. ಎರಡು ಚಹಾ ಹೇಳಿ, ಶುರು ಮಾಡುತ್ತೇನೆ. ಎಲ್ಲ ನೂರಕ್ಕೆ ನೂರು ನಿಜ. ನಡುನಡುವೆ ಉಪ್ಪು ಖಾರ ಹೆಚ್ಚಾಗಿದ್ದರೆ ಅದು ಅಡುಗೆಯವನ ಕೈಗುಣ.

ಗುಡ್ ಮಾರ್ನಿಂಗ್

ಹ್ಯಾಮಿಲ್ಟನ್ ಊರಿನ ಉತ್ತರಕ್ಕೆ ರೊಟೊಟೂನ ಆಗಿನ್ನೂ ಹೊಸ ಬಡಾವಣೆ. ಒಂದು ಮನೆ, ಪಕ್ಕದಲ್ಲಿ ಹಸು, ಹಸುವಿನ ಪಕ್ಕದಲ್ಲಿ ಇನ್ನೊಂದು ಮನೆ. ಎರಡು ಸಾವಿರನೇ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ನಾನು ಹಾಲು ಕರೆಯುವ ಯಂತ್ರ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಬೇಲಿಯಾಚೆ ಒಬ್ಬ ರಿಟೈರಾದ ಕಿವಿ ಪ್ಲಂಬರ್ ಮತ್ತು ಅವರ ಹೆಂಡತಿ. ಕಿವಿ ಪ್ಲಂಬರ್ ಅಂದರೆ ಕಿವಿ ರಿಪೇರಿ ಮಾಡುವವರಲ್ಲ, ಆ ದೇಶದವರು ತಮ್ಮನ್ನು ತಾವು ಕರೆದುಕೊಳ್ಳುವುದೇ ಹಾಗೆ. ಹೆಸರು ಯಾಕೆ ಬಿಡಿ. ನಮ್ಮ ಮನೆಯೊಳಗೆ ಅವರು ಪ್ಲಂಬರಪ್ಪ, ಆಕೆ ಪ್ಲಂಬರಮ್ಮ.

ಪ್ಲಂಬರಪ್ಪನಿಗೆ ಹೊಸದನ್ನು ಕಲಿಯುವ ಹುಚ್ಚು. ಕೈಗೆ ಕನ್ನಡದಲ್ಲಿ ಏನಂತೀರಿ, ಕಾಲಿಗೆ ಏನಂತೀರಿ, ಮೈಗೆ ಏನಂತೀರಿ ಅಂತ ಬೇಲಿಗೆ ಒರಗಿ ಕೇಳುವರು. ಅಷ್ಟನ್ನು ನಾನು ಪ್ರಾಮಾಣಿಕವಾಗಿ ಹೇಳಿಕೊಟ್ಟೆ. ಆಮೇಲೊಂದು ದಿನ, "ಮೇಟ್, ನಿನ್ನ ಹೆಂಡತಿಗೆ ನಿಮ್ಮ ಭಾಷೆಯಲ್ಲೇ ಗುಡ್ ಮಾರ್ನಿಂಗ್ ಹೇಳಬೇಕು, ಹೇಗೆ ಹೇಳಲಿ?" ಅಂದರು.

ನನ್ನೊಳಗಿನ ಕಿಡಿಗೇಡಿಗೆ ಅಷ್ಟು ಸಾಕಾಯಿತು. ಮುಖ ಗಂಭೀರ ಮಾಡಿಕೊಂಡು, "ಕಾಫಿ ಕೊಡಮ್ಮ" ಅಂತ ಕಲಿಸಿದೆ. ಉಚ್ಚಾರಣೆ ಸರಿಯಾಗಲಿ ಅಂತ ನಾಲ್ಕಾರು ಸಲ ಹೇಳಿಸಿಯೂ ಹೇಳಿಸಿದೆ.

ಮಾರನೇ ದಿನ ನನ್ನ ಹೆಂಡತಿ ಬಟ್ಟೆ ಒಣಗಿಸಲು ಹೊರಗೆ ಬಂದಾಗ ಪ್ಲಂಬರಪ್ಪ ಟೋಪಿ ತೆಗೆದು, ಎದೆಯ ಮೇಲೆ ಇಟ್ಟುಕೊಂಡು, ಸ್ಪಷ್ಟವಾಗಿ "ಕಾಫಿ ಕೊಡಮ್ಮ" ಅಂದರು. ಅವಳು ಮೈಸೂರಿನವಳು. ಕಾಫಿ ಕೇಳಿದವರಿಗೆ ಇಲ್ಲ ಅಂದ ಚರಿತ್ರೆ ಅವಳ ಮನೆತನದಲ್ಲೇ ಇಲ್ಲ. ಒಳಗೆ ಹೋಗಿ, ಫಿಲ್ಟರಿನಲ್ಲಿ ನನಗಾಗಿ ಇಳಿದಿದ್ದ ಡಿಕಾಕ್ಷನ್ನಿಗೆ ಹಾಲು ಬೆರೆಸಿ, ಬೇಲಿಯ ಮೇಲಿಂದ ಕೊಟ್ಟಳು. ಅದರ ಮಾರನೇ ದಿನವೂ ಗುಡ್ ಮಾರ್ನಿಂಗ್, ಮತ್ತೆ ಕಾಫಿ.

ಆ ಮನುಷ್ಯನನ್ನು ಎಂಥಾ ಬೇಸ್ತು ಬೀಳಿಸಿದೆ ಅಂತ ನಾನು ವಾರಗಟ್ಟಲೆ ಒಬ್ಬನೇ ನಕ್ಕೆ. ಹಾಗೆ ನಗುತ್ತಿದ್ದಾಗ ನನ್ನ ಕೈಯಲ್ಲಿ ಇರುತ್ತಿದ್ದದ್ದು ಎರಡನೇ ಡಿಕಾಕ್ಷನ್ನಿನ ನೀರು ಕಾಫಿ.

ಮೈ ಬಿತ್ತು

ಫೆಬ್ರವರಿಯಲ್ಲಿ, ಅಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ದೊಡ್ಡ ಗಾಳಿ ಬೀಸಿತು. ಗಾಳಿ ನಿಂತ ಭಾನುವಾರ ಪ್ಲಂಬರಪ್ಪನ ಫೋನು. ಅಳುವ ದನಿ.

"ಮೈ ಮೈ ಬಿದ್ದುಹೋಯಿತು, ಮೇಟ್. ಪೂರ್ತಿ ನೆಲಕ್ಕೆ ಬಿದ್ದಿದೆ. ಇನ್ನು ಏಳುವುದಿಲ್ಲ."

ಇಂಗ್ಲಿಷಿನಲ್ಲಿ ಹೇಳಿದರೂ ಮೈ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನೇ ಕಲಿಸಿದ ಪದವಲ್ಲವೇ? ಪಾಪ, ನೋವಿನಲ್ಲೂ ಕನ್ನಡ ಬರುತ್ತಿದೆಯಲ್ಲ ಅಂತ ಕಣ್ಣು ತುಂಬಿ ಬಂತು. ಮೊದಲೇ ಅವರ ಒಂದು ಕಡೆಯ ಸೊಂಟದ ಕೀಲು ಸವೆದು, ಕೋಲೂರಿ ನಡೆಯುತ್ತಿದ್ದರು.

"ಏನಾಯ್ತ್ರೀ?" ಅಂದಳು ಹೆಂಡತಿ.

"ಪ್ಲಂಬರಪ್ಪನ ಮೈ ಬಿದ್ದಿದೆಯಂತೆ ಕಣೇ. ಪೂರ್ತಿ."

ಅವಳು ಮೆಣಸಿನ ಸಾರಿಗೆ ಇಟ್ಟಳು. ಅವತ್ತು ನಮ್ಮಲ್ಲಿ ಊಟಕ್ಕೆ ಬಂದಿದ್ದವನು ನನ್ನ ಗೆಳೆಯ, ಧಾರವಾಡದವನು, ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅವನು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು, ಕಾರಿನಿಂದ ಬಿಪಿ ಮಿಷನ್ ತಂದ. ಮೂವರೂ ಬೇಲಿಯ ಗೇಟು ನೂಕಿಕೊಂಡು ಓಡಿದೆವು.

ಪ್ಲಂಬರಪ್ಪ ಹಿತ್ತಲ ಜಗಲಿಯಲ್ಲಿ ಕೂತು ಪೈ ಅನ್ನುವ ಅಲ್ಲಿನ ಕಡುಬು ತಿನ್ನುತ್ತಿದ್ದರು.

ಧಾರವಾಡದವನು ಕೆಲಸಕ್ಕೆ ನಿಂತರೆ ಮಾತಿಲ್ಲ. ಪೈ ಕಿತ್ತು ಪಕ್ಕಕ್ಕಿಟ್ಟು, ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, "ಎಲ್ಲಿ ನೋವು?" ಅಂತ ಕೇಳಿದ.

"ಇಲ್ಲಿ," ಅಂತ ಪ್ಲಂಬರಪ್ಪ ಎದೆ ಮುಟ್ಟಿಕೊಂಡರು. "ನಮ್ಮಪ್ಪ ಕೈಯಾರೆ ಕಟ್ಟಿದ್ದು. ಗಾಳಿಗೆ ಹೋಯಿತು."

ಆಮೇಲೆ ಪ್ಲಂಬರಮ್ಮ ಬಿಡಿಸಿ ಹೇಳಿದರು. ಬೇಟೆಗಾರರು ಬಾತುಗಳ ಕಣ್ಣಿಗೆ ಬೀಳದ ಹಾಗೆ ನೀರಿನ ಪಕ್ಕದಲ್ಲಿ ಸೊಪ್ಪುಸದೆ ಹೊದಿಸಿ ಕಟ್ಟಿಕೊಳ್ಳುವ ಮರೆ ಗುಡಿಸಲಿಗೆ ಆ ದೇಶದಲ್ಲಿ ಮೈಮೈ ಅನ್ನುತ್ತಾರಂತೆ. ಬಿದ್ದದ್ದು ಅದು.

"ಬಿಪಿ ಬರೋಬ್ಬರಿ ಐತಲೇ," ಅಂತ ಧಾರವಾಡದವನು ನನ್ನ ಕಡೆ ತಿರುಗಿದ. "ಗುಡಿಸಲದ್ದು ನೋಡಬೇಕಂದ್ರ ಈ ಪಟ್ಟಿ ಸಾಲಂಗಿಲ್ಲ."

ಮೆಣಸಿನ ಸಾರು ಮಾತ್ರ ವ್ಯರ್ಥವಾಗಲಿಲ್ಲ. ಮರ್ಯಾದೆಗೆ ಒಂದು ಲೋಟ ಪೂರ್ತಿ ಕುಡಿದ ಪ್ಲಂಬರಪ್ಪ ಕಿವಿಯ ತುದಿಯವರೆಗೆ ಕೆಂಪಗಾಗಿ, ಕಣ್ಣೊರೆಸಿಕೊಂಡು, ತೋಳು ಚಾಚಿ, "ಈಗ ನೋಡಪ್ಪ ಬಿಪಿ" ಅಂದರು.

ಯಾರ್ರೀ ಆ ಶೀಲಾ?

ವಿಷಯ ನಗುವಂಥದ್ದಾಗಿರಲಿಲ್ಲ. ಅಲ್ಲಿ ಬಾತು ಬೇಟೆ ಶುರುವಾಗುವುದು ಮೇ ತಿಂಗಳ ಮೊದಲ ಶನಿವಾರ. ಊರಾಚೆ ಪ್ಲಂಬರಪ್ಪನ ಸೋದರ ಸಂಬಂಧಿಯೊಬ್ಬರ ಹುಲ್ಲುಗಾವಲಿನಲ್ಲಿ ಒಂದು ಕೊಳ. ಹುಡುಗನಾಗಿದ್ದಾಗಿನಿಂದ ಪ್ಲಂಬರಪ್ಪ ಆ ಮೊದಲ ಬೆಳಿಗ್ಗೆ ಆ ಕೊಳದ ಮೈಮೈನಲ್ಲಿ ಕೂರುವುದನ್ನು ತಪ್ಪಿಸಿದವರೇ ಅಲ್ಲ. ಜೊತೆಗೆ ಕೂರುತ್ತಿದ್ದ ಗೆಳೆಯ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆಸ್ಟ್ರೇಲಿಯಾ ಸೇರಿದ್ದ. ಈಗ ಜೂನಿನಲ್ಲಿ ಸೊಂಟದ ಆಪರೇಷನ್ನು. ಅದಾದ ಮೇಲೆ ಮನೆ ಮಾರಿ, ಮಗಳಿರುವ ಪಾಮರ್ಸ್ಟನ್ ನಾರ್ತಿಗೆ ಹೊರಡುವುದು ಅಂತ ಗಂಡ ಹೆಂಡತಿ ತೀರ್ಮಾನ ಮಾಡಿಯಾಗಿತ್ತು. ಅಂದರೆ ಆ ಕೊಳದಲ್ಲಿ ಇದೇ ಕೊನೆಯ ಮೊದಲ ಬೆಳಿಗ್ಗೆ.

ಪ್ಲಂಬರಮ್ಮ ಖಡಾಖಂಡಿತ. "ಮುರಿದ ಗುಡಿಸಲಲ್ಲಿ, ಕೆಸರಲ್ಲಿ, ಆ ಸೊಂಟ ಇಟ್ಟುಕೊಂಡು? ಸಾಧ್ಯವೇ ಇಲ್ಲ. ಗಟ್ಟಿ ಗುಡಿಸಲು ಬೇಕು, ಒಣ ನೆಲ ಬೇಕು, ಹತ್ತಲು ಮೆಟ್ಟಿಲು, ಹಿಡಿಯಲು ಕಂಬಿ. ಹಿಂದಿನ ದಿನ ಶುಕ್ರವಾರ ನಾನೇ ಬಂದು ಕೂತು ನೋಡುತ್ತೇನೆ. ಒಂದು ಕಿರ್ ಅಂದರೂ ಶನಿವಾರ ಮನೆಯಲ್ಲೇ."

ಪ್ಲಂಬರಪ್ಪ ಪೈ ಮುಟ್ಟಲಿಲ್ಲ. ಅದನ್ನು ನೋಡಲಾಗದೆ ನನ್ನ ಬಾಯಿ ತಾನಾಗಿ ತೆರೆಯಿತು. "ಚಿಂತೆ ಬಿಡಿ. ನಾವು ಕಟ್ಟಿಕೊಡುತ್ತೇವೆ. ನಮ್ಮ ವಂಶದವರು ಮೈಸೂರು ಅರಮನೆಗೆ ಚಪ್ಪರ ಹಾಕಿದವರು."

ಧಾರವಾಡದವನು ಕನ್ನಡದಲ್ಲಿ ಮೆಲ್ಲಗೆ ಕೇಳಿದ. "ಲೇ, ನಿಮ್ಮಪ್ಪ ಬ್ಯಾಂಕಿನ್ಯಾಗ ಇದ್ರಲ್ಲೋ. ಚಪ್ಪರ ಯಾವಾಗ ಹಾಕಿದ್ರು?"

"ರಜಾ ದಿನಗಳಲ್ಲಿ."

ಪ್ಲಂಬರಪ್ಪನ ಮುಖ ಅರಳಿತು. ನನ್ನ ಭುಜ ತಟ್ಟಿ, ಆ ದೇಶದವರೆಲ್ಲ ಮನೆಗೆ ಬೆಂಕಿ ಬಿದ್ದರೂ ಹೇಳುವ, ಎಲ್ಲ ಸರಿಹೋಗುತ್ತೆ ಅನ್ನುವ ಮಾತು ಹೇಳಿದರು. "ಶೀಲ್ ಬಿ ರೈಟ್, ಮೇಟ್."

ಅಲ್ಲಿಂದ ಮುಂದೆ ನಾನೂ ಅದನ್ನೇ ಹಿಡಿದೆ. ಹಲಗೆ ಎಲ್ಲಿಂದ ತರ್ತೀರಿ? ಶೀಲ್ ಬಿ ರೈಟ್. ಸುತ್ತಿಗೆ ಹಿಡಿಯೋಕೆ ಬರುತ್ತಾ? ಶೀಲ್ ಬಿ ರೈಟ್. ಅದೇ ವಾರ ನನ್ನ ಅತ್ತೆ ಮೈಸೂರಿನಿಂದ ಫೋನು ಮಾಡಿ, ನಾನು ಹಿಂದಿನಿಂದ ಇದನ್ನೇ ಕೂಗುತ್ತಿದ್ದುದನ್ನು ಕೇಳಿಸಿಕೊಂಡು, ಮಗಳಿಗೆ ಪಿಸುಗುಟ್ಟಿದರಂತೆ:

"ಅಳಿಯಂದಿರು ಆಗಿನಿಂದ ಕರೀತಾನೇ ಇದಾರೆ. ಯಾರೇ ಅದು ಶೀಲಾ?"

ಶ್ರುತಿ

ಕಟ್ಟುವವನಿಗೆ ಕೂಗುವುದೂ ಗೊತ್ತಿರಬೇಕು ಅಂತ ಪ್ಲಂಬರಪ್ಪ ನನಗೊಂದು ಪೀಪಿ ಕೊಟ್ಟರು. ಮರದ್ದು, ಹೆಬ್ಬೆರಳು ಗಾತ್ರ. ಊದಿದರೆ ಹೆಣ್ಣು ಬಾತು ಕರೆದ ಹಾಗೆ ಕೇಳಿಸಬೇಕು, ಗಂಡು ಬಾತು ನಂಬಿ ಕೆಳಗಿಳಿಯಬೇಕು.

ನಾನು ಊದಿದರೆ ಹಳೇ ಸ್ಕೂಟರು ಚಳಿಗಾಲದಲ್ಲಿ ಸ್ಟಾರ್ಟ್ ಆಗಲು ಒದ್ದಾಡಿದಂತೆ ಕೇಳಿಸುತ್ತಿತ್ತು. ಕಾರಿನಲ್ಲಿ, ಸಿಗ್ನಲ್ಲಿನಲ್ಲಿ, ಬಚ್ಚಲಿನಲ್ಲಿ, ಎಲ್ಲ ಕಡೆ ಅಭ್ಯಾಸ. ಹೈಸ್ಕೂಲಿನಲ್ಲಿದ್ದ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. "ಅಪ್ಪಾ, ಪ್ಲೀಸ್, ನಾಟ್ ಇನ್ ದ ಕಾರ್" ಅಂತ ಸೀಟಿನಿಂದ ಕೆಳಗೆ ಜಾರಿ ಕೂರುವಳು.

ಯುಗಾದಿ ಬಂತು. ಊರಿನ ಕನ್ನಡದವರೆಲ್ಲ ಒಂದು ಹಾಲ್ ಬಾಡಿಗೆ ಹಿಡಿದು ಸೇರಿದ್ದೆವು. ಒಬ್ಬ ಹಿರಿಯ ಆಂಟಿ ವೇದಿಕೆಯ ಮೇಲೆ ಶಾಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಶ್ರುತಿ ಪೆಟ್ಟಿಗೆಗೆ ಕಾಯುತ್ತಿದ್ದರು. ಶ್ರುತಿ ಪೆಟ್ಟಿಗೆಯ ಪ್ಲಗ್ಗಿಗೆ ಅಲ್ಲಿನ ಗೋಡೆಯ ತೂತು ಹೊಂದದೆ, ಮೂವರು ಸಾಫ್ಟ್‌ವೇರಿನವರು ಅದರ ಸುತ್ತ ಮಂಡಿಯೂರಿದ್ದರು. ನಾನು ಹಾಲಿನ ಹಿಂದಿನ ಅಡುಗೆ ಕೋಣೆಯಲ್ಲಿ ಹೋಳಿಗೆ ಕಾವಲಿಗೆ ಇದ್ದೆ. ಯಾರೂ ಇಲ್ಲ ಅಂದುಕೊಂಡು, ಪೀಪಿ ತೆಗೆದು, ಉಸಿರೆಳೆದು, ಉದ್ದಕ್ಕೆ ಒಂದೇ ಸಮ ಊದಿದೆ.

ಆ ಗೋಡೆ ಎಷ್ಟು ತೆಳು ಅನ್ನುವುದು ನನಗೆ ಗೊತ್ತಿರಲಿಲ್ಲ. ಗಾಬರಿಯಾಗಿ ಬಾಗಿಲ ಸಂದಿಯಿಂದ ಇಣುಕಿದೆ.

ಆಂಟಿ ಕಣ್ಣು ತೆರೆಯದೆ ತಲೆ ತೂಗಿದರು. "ಬಂತು ಬಂತು. ಸ್ವಲ್ಪ ಮೇಲಿದೆ, ಅರ್ಧ ಮನೆ ಇಳಿಸಿ."

ವಾಸ್ತು

ಏಪ್ರಿಲ್ಲಿನ ಒಂದು ಶನಿವಾರ ಕೆಲಸಕ್ಕೆ ಇಳಿದೆವು. ಪ್ಲಂಬರಪ್ಪನದು ಹಿಂಭಾಗದಲ್ಲಿ ಸಾಮಾನು ತುಂಬುವ ತೊಟ್ಟಿಯಿರುವ ಕಾರು, ಅಂದರೆ ಅಲ್ಲಿಯವರು ಯೂಟ್ ಅನ್ನುವ ಗಾಡಿ. ಅದರಲ್ಲಿ ಹಳೇ ಹಲಗೆ, ತಗಡು, ಒಂದು ಒರಗುವ ಕುರ್ಚಿ, ಅವರ ಹಳೇ ಬೈಠಕ್ ಖಾನೆಯ ಹೂವಿನ ಕಾರ್ಪೆಟ್ಟು. ಪ್ಲಂಬರಪ್ಪನಿಗೆ ಅವತ್ತು ಸೊಂಟ ಜೋರಾಗಿ, ಮನೆಯಲ್ಲೇ ಉಳಿದರು. ಹೋದವರು ನಾನು, ಹೆಂಡತಿ, ಧಾರವಾಡದವನು.

ಕೊಳದ ಒಳಕ್ಕೆ ನಾಲಿಗೆ ಚಾಚಿದಂತೆ ಒಂದು ತುಂಡು ನೆಲ. ಎರಡೂ ಕಡೆ ನೀರು. ಹಳೇ ಮೈಮೈ ಅದರ ಮೇಲೆ ಅಂಗಾತ ಬಿದ್ದಿತ್ತು. ಯಾವುದು ಬಾಗಿಲು, ಯಾವುದು ಗೋಡೆ ಅಂತ ಹೇಳುವ ಹಾಗಿರಲಿಲ್ಲ.

ನನಗೆ ಗೊತ್ತಿದ್ದ ಗಂಟು ಮಾವಿನ ತೋರಣದ್ದು ಒಂದೇ. ಅದನ್ನು ಕಟ್ಟಿದ ಕಂಬ ನಾನು ಕೈಬಿಟ್ಟ ತಕ್ಷಣ ನನಗೇ ನಮಸ್ಕಾರ ಮಾಡಿತು. ಧಾರವಾಡದವನು, "ಸರಿಲೇ, ನಿಂದು ಪಂಚೆ ಬಿಚ್ಚಿಕೊಂಡ್ಹಂಗ ಆಗ್ಯದ" ಅಂತ ನನ್ನನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಕ್ರೇಪ್ ಬ್ಯಾಂಡೇಜಿನ ಸುರುಳಿ ತೆಗೆದ. ಮುರಿದ ಮೂಳೆಗೆ ಪಟ್ಟಿ ಸುತ್ತುವಂತೆ ಕಂಬಕ್ಕೆ ಹಲಗೆ ಸೇರಿಸಿ ಸುತ್ತುತ್ತಾ ಹೋದ. ಸುತ್ತಿ ಸುತ್ತಿ, ಮೇಲೆ ಪಿನ್ನು ಹಾಕಿದ. ಸಂಜೆಯ ಹೊತ್ತಿಗೆ ನಮ್ಮ ಮೈಮೈ ದೊಡ್ಡ ಅಪಘಾತದಿಂದ ಬದುಕಿ ಬಂದಂತೆ ಕಾಣುತ್ತಿತ್ತು, ಆದರೆ ಬಂಡೆಯಷ್ಟು ಗಟ್ಟಿ. ಮೆಟ್ಟಿಲ ಪಕ್ಕ ಆಸ್ಪತ್ರೆಯ ಶೌಚಾಲಯದಲ್ಲಿ ಇರುತ್ತದಲ್ಲ, ಅಂಥದ್ದೇ ಹಿಡಿಗಂಬಿ.

ಗೋಡೆ ಎಬ್ಬಿಸುವ ಮೊದಲೇ ಒಂದು ದೊಡ್ಡ ಪ್ರಶ್ನೆ ಎದ್ದಿತ್ತು. ತೆರೆದ ಭಾಗ ಯಾವ ಕಡೆ?

"ಅವರಪ್ಪನ ಕಾಲದ್ದು ಪಶ್ಚಿಮಕ್ಕಿತ್ತು ಅಂತ ಕಾಣುತ್ತೆ," ಅಂದೆ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಅದಕ್ಕೇ ಬಿದ್ದಿದ್ದು. ಆಪರೇಷನ್ನಿಗೆ ಹೋಗೋ ಮನುಷ್ಯ ರೀ. ಪಶ್ಚಿಮದ ಬಾಗಿಲಲ್ಲಿ ಕೂರಿಸ್ತೀರಾ? ಪೂರ್ವಕ್ಕಿಡಿ."

"ವೈನಿ, ಈ ದೇಶದಾಗ ಸೂರ್ಯ ನೆತ್ತಿಗೆ ಬರೋದು ಉತ್ತರದ ಕಡೆಯಿಂದ," ಅಂದ ಧಾರವಾಡದವನು. "ಎಲ್ಲಾ ತಲೆಕೆಳಗ. ವಾಸ್ತೂನೂ ತಿರುಗಿಸಬೇಕಲ್ಲ ಹಂಗಾದ್ರ?"

"ಹುಟ್ಟೋದು ಎಲ್ಲಿ?"

"ಹುಟ್ಟೋದು ಪೂರ್ವದಾಗ."

"ಮತ್ತೆ? ಅಷ್ಟು ಸಾಕು."

ಸೂರ್ಯ ಹುಟ್ಟುವ ಹೊತ್ತಿಗೇ ಬೇಟೆ ನಡೆಯುವುದು ಅನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೂವರೂ ಡಿಗ್ರಿ ಆದವರು.

ಇನ್‌ಸ್ಪೆಕ್ಷನ್

ಬೇಟೆಯ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ಎಲ್ಲರೂ ಕೊಳಕ್ಕೆ ಹೋದೆವು. ಪ್ಲಂಬರಪ್ಪ ಕೋಲೂರಿ ನಿಂತು ಮೈಮೈ ನೋಡಿದರು. ಪಶ್ಚಿಮಕ್ಕೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದರು. ಮತ್ತೆ ಮೈಮೈ ನೋಡಿದರು. ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, ಬಾಯಿ ಮುಚ್ಚಿದರು. ಮಾತೇ ಹೊರಡದಷ್ಟು ಸಂತೋಷವಾಗಿದೆ ಅಂದುಕೊಂಡೆ.

ಹೊಸ ಸೂರು ಅಂದ ಮೇಲೆ ಹಾಲುಕ್ಕಿಸದೆ ಇರುವುದುಂಟೇ? ನನ್ನ ಹೆಂಡತಿ ಕ್ಯಾಂಪಿಂಗ್ ಒಲೆಯ ಮೇಲೆ ಹಾಲುಕ್ಕಿಸಿ, ಮೆಟ್ಟಿಲ ಮುಂದಿನ ಅಗಲ ಹಲಗೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ದೊಡ್ಡದೊಂದು ರಂಗೋಲಿ ಬಿಟ್ಟಳು. ಪ್ಲಂಬರಮ್ಮ ಫೋಟೋ ತೆಗೆದೇ ತೆಗೆದರು. ಆಮೇಲೆ ಕಂಬಿ ಹಿಡಿದು ಹತ್ತಿದರು. ಕಂಬಿ ಅಲುಗಲಿಲ್ಲ. ನೆಲದ ಮೇಲೆ ಜಿಗಿದರು. ನೆಲ ಅಲುಗಲಿಲ್ಲ. ಕುರ್ಚಿಯ ದಿಂಬಿನ ಮೇಲೆ ಕೂತರು.

"ಕುಂಯ್ಕ್!"

ಎದ್ದರು. ಮೆಲ್ಲಗೆ ಮತ್ತೆ ಕೂತರು.

"ಕುಂ...ಯ್ಕ್."

"ಕಂಬ ಬಿರುಕು ಬಿಡುತ್ತಿದೆ," ಅಂದರು ಪ್ಲಂಬರಮ್ಮ. "ಕ್ಷಮಿಸಿ. ನಾಳೆ ಬೇಡ."

ಪ್ಲಂಬರಪ್ಪ ಟೋಪಿ ತೆಗೆದು, ಕೈಯಲ್ಲಿ ತಿರುವುತ್ತಾ, ಕೊಳದ ಕಡೆ ಮುಖ ಮಾಡಿ ನಿಂತರು.

ಆ ಶಬ್ದ ಯಾವುದು ಅಂತ ಗೊತ್ತಿದ್ದವನು ನಾನೊಬ್ಬನೇ. ಧಾರವಾಡದವನು ಮೊದಲು ಕೂರುತ್ತಾನೆ ಅಂತ ಲೆಕ್ಕ ಹಾಕಿ, ಮಗಳು ಚಿಕ್ಕವಳಿದ್ದಾಗ ಸ್ನಾನದ ತೊಟ್ಟಿಯಲ್ಲಿ ಆಡುತ್ತಿದ್ದ ಹಳದಿ ರಬ್ಬರ್ ಬಾತನ್ನು ಬಂದ ಕೂಡಲೇ ಯಾರಿಗೂ ಕಾಣದ ಹಾಗೆ ದಿಂಬಿನ ಕೆಳಗೆ ಇಟ್ಟಿದ್ದೆ.

"ಆಂಟಿ, ಅದು ಕಂಬ ಅಲ್ಲ. ಅದು ನಾನು," ಅಂದೆ.

"ನೀನು ಹೊರಗೆ ನಿಂತಿದ್ದೀಯಲ್ಲಪ್ಪ. ಶಬ್ದ ನನ್ನ ಕೆಳಗಿನಿಂದ ಬಂತು."

"ಹೌದು, ಅದು ನಂದೇ..."

ಅದನ್ನು ಕೇಳಿದ ನನ್ನ ಹೆಂಡತಿ ತಲೆ ಚಚ್ಚಿಕೊಂಡಳು. ಧಾರವಾಡದವನಿಗೆ ನನ್ನ ಬುದ್ಧಿ ಚೆನ್ನಾಗಿ ಗೊತ್ತು. ಸೀದಾ ಒಳಗೆ ಹೋಗಿ, "ಸ್ವಲ್ಪ ಏಳ್ರಿ ಆಂಟಿ" ಅಂತ ದಿಂಬು ಎತ್ತಿ, ಹಳದಿ ಬಾತನ್ನು ಬಾಲ ಹಿಡಿದು ಹೊರಗೆ ತಂದ.

ಪ್ಲಂಬರಮ್ಮ ಅದನ್ನು ಕೈಗೆ ತೆಗೆದುಕೊಂಡು, ಒಮ್ಮೆ ಅಮುಕಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಇನ್ನೊಮ್ಮೆ ಕೂತರು. ಸದ್ದಿಲ್ಲ. ಒರಗಿದರು. ಸದ್ದಿಲ್ಲ. ಹಾಗೇ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಗೊರಕೆಯನ್ನೂ ಹೊಡೆದರು. ನಾವೆಲ್ಲ ಹೊರಗೆ ಕಾದು ನಿಂತೆವು.

ಎದ್ದು ಬಂದು ತೀರ್ಪು ಕೊಟ್ಟರು. "ಪಾಸ್. ಆದರೆ ಇವರನ್ನು ಹತ್ತಿಸಿ ಇಳಿಸಲು ನಾಳೆ ನೀನೇ ಜೊತೆಗಿರಬೇಕು. ಇದೇ ನಿನಗೆ ಶಿಕ್ಷೆ." ಗಂಡನ ಕೋಟಿನ ಜೇಬಿಗೆ ರಬ್ಬರ್ ಬಾತನ್ನು ತುರುಕಿದರು. "ತಗೋ. ಈ ವರ್ಷ ನಿನಗೆ ಒಂದಂತೂ ಗ್ಯಾರಂಟಿ."

ಮೊದಲ ಬೆಳಿಗ್ಗೆ

ಶನಿವಾರ ನಸುಕಿನಲ್ಲಿ ಪ್ಲಂಬರಪ್ಪನನ್ನು ಕಂಬಿ ಹಿಡಿಸಿ ಹತ್ತಿಸಿದೆ. ಲೈಸೆನ್ಸು, ಕೋವಿ ಅವರದು. ಫ್ಲಾಸ್ಕು, ಚಕ್ಕುಲಿ ನನ್ನದು. ಅವರು ಕುರ್ಚಿಯಲ್ಲಿ ಒರಗಿ, ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ, ನಿಟ್ಟುಸಿರು ಬಿಟ್ಟರು. "ನಮ್ಮಪ್ಪ ಇದನ್ನು ನೋಡಿದ್ದರೆ ಇಲ್ಲಿಗೇ ಮನೆ ಬದಲಾಯಿಸಿಬಿಡುತ್ತಿದ್ದರು."

ಮಂಜು ಕರಗಿತು. ದೂರದ ಕೊಳಗಳಲ್ಲಿ ಕೋವಿಗಳ ಸದ್ದು ಶುರುವಾಯಿತು. ಆಗ ಎದುರಿನ ಗುಡ್ಡದ ಮೇಲೆ ಸೂರ್ಯನಾರಾಯಣ ಕಾಣಿಸಿಕೊಂಡ. ನೇರ ನಮ್ಮ ಮೈಮೈನೊಳಕ್ಕೆ, ನೇರ ನಮ್ಮ ಕಣ್ಣಿಗೆ. ಸಿನಿಮಾ ಟಾಕೀಸಿನಲ್ಲಿ ಪರದೆಯ ಬದಲು ಪ್ರೊಜೆಕ್ಟರ್ ಕಡೆಗೆ ತಿರುಗಿ ಕೂತ ಹಾಗೆ. ಕೊಳ ಇಲ್ಲ, ಆಕಾಶ ಇಲ್ಲ, ಬಾತು ಇಲ್ಲ, ಬರೀ ಬೆಳಕು.

ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ಪಕ್ಕಕ್ಕೆ ತಿರುಗಿದೆ. ಪ್ಲಂಬರಪ್ಪ ನಿಧಾನವಾಗಿ ಜೇಬಿಗೆ ಕೈ ಹಾಕಿ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದರು. ಇನ್ನೊಂದು ಜೇಬಿನಿಂದ ಮತ್ತೊಂದು ತೆಗೆದು ನನಗೆ ಕೊಟ್ಟರು. ಅದು ಪ್ಲಂಬರಮ್ಮನದು. ಗುಲಾಬಿ ಬಣ್ಣದ್ದು.

"ನಿಮಗೆ ಗೊತ್ತಿತ್ತಾ?"

"ನಿನ್ನೆಯೇ."

"ಮತ್ತೆ ಹೇಳಲಿಲ್ಲ?"

"ಹೇಳಿದ್ದರೆ ಕಿತ್ತು ಮತ್ತೆ ಕಟ್ಟಿ ಅನ್ನುತ್ತಿದ್ದಳು. ಶನಿವಾರ ಹೋಗಿಬಿಡುತ್ತಿತ್ತು. ಪೀಪಿ ಊದು, ಮೇಟ್. ಶೀಲ್ ಬಿ ರೈಟ್."

ಊದಿದೆ. ಏನು ಹೇಳಲಿ, ಬಂದವು! ರೆಕ್ಕೆಯ ಸದ್ದು ನಮ್ಮ ತಲೆಯ ಮೇಲೆ ಹಾದು, ಚಳ್ ಚಳ್ ಅಂತ ನೀರಿಗಿಳಿಯಿತು. ನಮ್ಮ ಬೆನ್ನ ಹಿಂದೆ, ಪಶ್ಚಿಮದ ನೀರಿಗೆ. ತಿರುಗಲು ಪ್ಲಂಬರಪ್ಪನ ಸೊಂಟ ಬಿಡದು. ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ ಮಾಡೋಣ ಅಂತ ನಾನು ಹಲಗೆ ಎಳೆದೆ, ಒದ್ದೆ, ಕಚ್ಚಿದೆ. ಧಾರವಾಡದ ಬ್ಯಾಂಡೇಜು ಜಗ್ಗಲಿಲ್ಲ. ಹಿಂದಿನಿಂದ ಬಾತುಗಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವುದು ಕೇಳಿಸುತ್ತಿತ್ತು. ನಮ್ಮ ವಿಷಯವೇ ಇರಬೇಕು.

ಸ್ವಲ್ಪ ಹೊತ್ತಿಗೆ ಆ ಮಾತು ಹತ್ತಿರ ಬಂತು. ಗೋಡೆಯನ್ನು ಬಳಸಿಕೊಂಡು, ಮದುವೆ ಮನೆಗೆ ಬಂದ ನೆಂಟರ ಹಾಗೆ ಓಲಾಡುತ್ತಾ, ಒಂದು ಗಂಡು ಒಂದು ಹೆಣ್ಣು ನಡೆದುಕೊಂಡೇ ಮುಂಬಾಗಿಲಿಗೆ ಬಂದವು. ನಮ್ಮ ಕಾಲಿನಿಂದ ಮಾರು ದೂರವಿಲ್ಲ. ತಲೆ ಎತ್ತಿ ಕಪ್ಪು ಕನ್ನಡಕದ ಇಬ್ಬರನ್ನು ನೋಡಿದವು. ಮರ್ಯಾದಸ್ಥರು ಅಂತ ಕಂಡಿರಬೇಕು. ತಲೆ ತಗ್ಗಿಸಿ ನನ್ನ ಹೆಂಡತಿಯ ರಂಗೋಲಿ ತಿನ್ನಲು ಶುರು ಮಾಡಿದವು.

ಪ್ಲಂಬರಪ್ಪ ಕೋವಿ ಎತ್ತಿದರು. ನಾನು ಸಸ್ಯಾಹಾರಿ, ಒಪ್ಪಿದೆ. ಆದರೆ ಆ ಕ್ಷಣ ಈ ಮನುಷ್ಯನ ಕೊನೆಯ ಬೆಳಿಗ್ಗೆ ಬರಿಗೈಯಾಗಬಾರದು ಅನ್ನಿಸಿ, ಕಣ್ಣು ಗಟ್ಟಿ ಮುಚ್ಚಿಕೊಂಡು, "ಹೊಡೀರಿ" ಅಂದೆ.

ಸದ್ದಿಲ್ಲ. ಕಣ್ಣು ತೆರೆದರೆ ಕೋವಿ ತೊಡೆಯ ಮೇಲಿತ್ತು.

"ಹೇಗೆ ಹೊಡೆಯಲಿ, ಮೇಟ್?" ಅಂತ ಪಿಸುಗುಟ್ಟಿದರು. "ನಿನ್ನ ಹೆಂಡತಿ ಬಾಗಿಲಲ್ಲಿ ಊಟ ಬಡಿಸಿದ್ದಾಳೆ."

ಬಾತುಗಳು ಎಳೆ ಎಳೆಯಾಗಿ ಸಾವಕಾಶ ತಿಂದವು. ನಾವು ಚಕ್ಕುಲಿ ತಿಂದೆವು. ಸಿಡಿದ ಚೂರುಗಳೂ ನೆಂಟರಿಗೇ ಹೋದವು. ಬಿಸಿಲು ಏರಿ, ಅವು ಎದ್ದು ನೀರಿಗೆ ಹೋಗುವವರೆಗೂ ಪ್ಲಂಬರಪ್ಪ ಕೋವಿ ಮುಟ್ಟಲಿಲ್ಲ, ಕೊಳದಿಂದ ಕಣ್ಣು ತೆಗೆಯಲಿಲ್ಲ. ಇಳಿಯುವಾಗ ಬ್ಯಾಂಡೇಜಿನ ಕಂಬವನ್ನು ಎರಡು ಸಲ ತಟ್ಟಿದರು, ಕುದುರೆಯ ಕತ್ತು ತಟ್ಟುವ ಹಾಗೆ.

ಮನೆಗೆ ಬಂದರೆ ಬೇಲಿಯ ಹತ್ತಿರ ಇಬ್ಬರು ಹೆಂಗಸರೂ ಕಾಯುತ್ತಿದ್ದರು.

"ಎಷ್ಟು?" ಅಂದರು ಪ್ಲಂಬರಮ್ಮ.

ಪ್ಲಂಬರಪ್ಪ ಕೋಟಿನ ಜೇಬಿಗೆ ಕೈ ಹಾಕಿ, ಹಳದಿ ಬಾತನ್ನು ತೆಗೆದು ಬೇಲಿಯ ಮೇಲೆ ಕೂರಿಸಿದರು. "ಒಂದು. ಹೇಳಿದ್ದೆಯಲ್ಲ, ಗ್ಯಾರಂಟಿ ಅಂತ." ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, ಟೋಪಿ ಎದೆಗಿಟ್ಟುಕೊಂಡು, "ಕಾಫಿ ಕೊಡಮ್ಮ" ಅಂದರು.

ಅವಳು ಒಳಗೆ ಹೋದಳು. ನನಗೆ ಮನಸ್ಸು ಕರಗಿಬಿಟ್ಟಿತ್ತು. ಇನ್ನೆರಡು ತಿಂಗಳಲ್ಲಿ ಊರು ಬಿಡುವ ಮನುಷ್ಯ. ಪಾಮರ್ಸ್ಟನ್ ನಾರ್ತಿನಲ್ಲಿ ಯಾರಾದರೂ ಕನ್ನಡದವರ ಮುಂದೆ ಹೀಗೆ ಟೋಪಿ ತೆಗೆದು ನಿಂತರೆ ಏನು ಗತಿ?

"ಒಂದು ವಿಷಯ ಹೇಳಬೇಕು," ಅಂದೆ. "ಬೇಜಾರು ಮಾಡಿಕೊಳ್ಳಬೇಡಿ. ಅದರ ಅರ್ಥ ಗುಡ್ ಮಾರ್ನಿಂಗ್ ಅಲ್ಲ."

ಪ್ಲಂಬರಪ್ಪ ನನ್ನನ್ನೇ ನೋಡಿದರು. ಬಹಳ ಹೊತ್ತು, ಬಹಳ ಕರುಣೆಯಿಂದ. ಬಾಗಿಲಲ್ಲಿ ಲೋಟ ಹಿಡಿದು ನಿಂತ ನನ್ನ ಹೆಂಡತಿ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಮೇಟ್," ಅಂದರು ಪ್ಲಂಬರಪ್ಪ, "ನೀನು ಕಲಿಸಿದ್ದರಲ್ಲಿ ಇರುವುದೇ ಎರಡು ಪದ. ಅದರಲ್ಲಿ ಮೊದಲನೆಯದು ಇಂಗ್ಲಿಷು."

ಇಷ್ಟೇ ಕಥೆ. ಅಂದಿನಿಂದ ನಾನೂ ಅದೇ ಮಂತ್ರವನ್ನು ಎಲ್ಲ ಕಡೆ ಪ್ರಯೋಗ ಮಾಡುತ್ತಾ ಬಂದಿದ್ದೇನೆ. ಟೋಪಿ ತೆಗೆದು, ಎದೆಗಿಟ್ಟುಕೊಂಡು, ಅಷ್ಟೇ ಸ್ಪಷ್ಟವಾಗಿ. ಮನೆಯಲ್ಲಿ ಹೇಳಿದರೆ "ನೀವೇ ಮಾಡ್ಕೊಳ್ರೀ" ಅಂತ ಉತ್ತರ ಬರುತ್ತದೆ. ಹೋಟೆಲಿನಲ್ಲಿ ಹೇಳಿದರೆ ಬರುವುದು ಬರುತ್ತದೆ, ಹಿಂದೆಯೇ ಬಿಲ್ಲೂ ಬರುತ್ತದೆ. ಅಗೋ, ತರುತ್ತಿದ್ದಾನೆ ನೋಡಿ. ಈ ಚಹಾದ್ದು ನೀವು ಕೊಟ್ಟುಬಿಡಿ. ನನ್ನ ಪರ್ಸು ಇನ್ನೊಂದು ಪ್ಯಾಂಟಿನಲ್ಲಿದೆ, ಆ ಪ್ಯಾಂಟು ಮೈಮೈನಲ್ಲಿದೆ.